ಬುಟ್ಟಿಗೆ ಹಾಕಿದ ಚುಕ್ಕಿ

ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಇಂಜೆಕ್ಷನ್ ಬಾಟಲಿಯನ್ನು ದೀಪದ ಮುಂದೆ ಹಿಡಿದು ಅಲುಗಿಸುವುದು. ಒಳಗೆ ಕಂಡ ಚುಕ್ಕಿ ಕದಲದಿದ್ದರೆ ಗಾಜಿನ ಗೀರು, ಪಾಸ್. ಕದಲಿದರೆ ಕಸ, ಬಾಟಲಿ ಬುಟ್ಟಿಗೆ. ಹೋದ ವರ್ಷ ಕಣ್ಣಿನ ಪರೀಕ್ಷೆಯಲ್ಲಿ ಫೇಲ್ ಮಾಡಿ ಮನೆಗೆ ಕಳಿಸಿದರು. ಆ ಸಿಟ್ಟು ಇನ್ನೂ ಆರಿಲ್ಲ.

ಮಗಳು ಶೈಲಶ್ರೀ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ದೊಡ್ಡ ದೂರದರ್ಶಕವೊಂದು ತೆಗೆದ ಆಕಾಶದ ಚಿತ್ರಗಳು ಅವಳಿಗೆ ಬರುತ್ತವೆ. ಒಂದೇ ಜಾಗದ ನಾಲ್ಕು ನಾಲ್ಕು ಚಿತ್ರ, ಕೆಲವು ನಿಮಿಷದ ಅಂತರದಲ್ಲಿ ತೆಗೆದವು. ಹೊಸ ಕ್ಷುದ್ರಗ್ರಹ ಕಂಡರೆ ಚಿತ್ರ ಕಳಿಸಿದವರಿಗೆ ಭಾನುವಾರ ಸಂಜೆ ಐದರೊಳಗೆ ತಿಳಿಸಬೇಕು. ತಪ್ಪಿದರೆ ಮತ್ತೆ ಯಾರೂ ಅತ್ತ ನೋಡುವುದಿಲ್ಲ, ಆ ಕಲ್ಲು ಕೈತಪ್ಪಿ ಹೋಗುತ್ತದೆ. ಒಂದು ಭಾನುವಾರ ಬೆಳಿಗ್ಗೆ "ಅವ್ವಾ, ಸ್ವಲ್ಪ ಇವನ್ನ ಆರಿಸಿಡು" ಎಂದು ಲ್ಯಾಪ್‌ಟಾಪ್ ಕೊಟ್ಟು ಅಡುಗೆಗೆ ಹೋಗಿದ್ದಳು. ಆರಿಸಿಟ್ಟೆ.

ಸಂಜೆ ಐದಕ್ಕೆ ಇಪ್ಪತ್ತು ನಿಮಿಷವಿತ್ತು. ನಾನು ಉಳಿಸಿದ್ದ ಚಿತ್ರಗಳನ್ನೆಲ್ಲ ಶೈಲಶ್ರೀ ನೋಡಿ ಮುಗಿಸಿದ್ದಳು. "ಒಂದರಾಗೂ ಏನಿಲ್ಲವ್ವ. ಎಲ್ಲಾ ಸಾಫ್ ಅದಾವು" ಎಂದಳು ಸಪ್ಪಗೆ.

"ಸಾಫ್ ಇರದ ಏನ ಮಾಡ್ತಾವು? ಚುಕ್ಕಿ ಓಡಾಡೋದನ್ನ ನಾ ಬುಟ್ಟಿಗೆ ಹಾಕೀನಲ್ಲ."

ಅವಳ ಮುಖ ಬಿಳಿಚಿತು. "ನಾವು ಹುಡುಕಾಕತ್ತಿದ್ದೇ ಅದನ್ನ, ಅವ್ವಾ."

ಕೈಗೆ ಬಂದ ತುತ್ತನ್ನು ನಾನೇ ಚೆಲ್ಲಿದ್ದೆ. ಪುಣ್ಯಕ್ಕೆ ಲ್ಯಾಪ್‌ಟಾಪಿನ ಕಸದ ಬುಟ್ಟಿ ಖಾಲಿಯಾಗಿರಲಿಲ್ಲ, ನಾಲ್ಕೂ ಚಿತ್ರ ವಾಪಸ್ ಬಂದವು.

ಮೂರರಲ್ಲಿ ಚುಕ್ಕಿ ದೂರ ದೂರ ಜಿಗಿದಿತ್ತು. "ಇಷ್ಟು ಜೋರು ಓಡತೈತಿ ಅಂದ್ರ ಭೂಮಿಗೆ ಭಾಳ ಹತ್ರ ಇರಬೇಕು. ಆದ್ರ ನಾಲ್ಕನೇದರಾಗ ಕಾಣವಲ್ದು. ನಾಲ್ಕರಾಗೂ ಕಾಣಬೇಕು. ಸುಳ್ಳು ಕಳಿಸಿದ್ರ ನಮ್ಮನ್ನ ಮತ್ತ ಯಾರೂ ನಂಬಂಗಿಲ್ಲ" ಎಂದಳು.

ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡೆ. ಕಾರ್ಖಾನೆಯಲ್ಲಿ ಮಾಡುತ್ತಿದ್ದಂತೆ ಅಂಗೈ ಅಡ್ಡ ಹಿಡಿದು ಬೆಳಕು ಮರೆಮಾಡಿದೆ. ಮೂರು ಚುಕ್ಕಿಗಳೂ ಒಂದೇ ಗೆರೆಯಲ್ಲಿ, ಒಂದೇ ಅಳತೆಯಲ್ಲಿ ಇದ್ದವು. ಇನ್ನೊಂದು ಅಳತೆ ಮುಂದೆ ಬೆರಳಿಟ್ಟೆ. ರಾಗಿ ಕಾಳಿನ ಸಿಪ್ಪೆಯಷ್ಟು ಮಸುಕಾಗಿ ಒಂದು ಚುಕ್ಕಿ.

"ಇಲ್ಲೈತಿ."

"ನನಗ ಕಾಣವಲ್ದವ್ವ."

ಅವಳು ನನ್ನ ಕನ್ನಡಕವನ್ನೇ ನೋಡಿದಳು. ಏನು ಯೋಚಿಸುತ್ತಿದ್ದಾಳೆಂದು ನನಗೆ ಗೊತ್ತಾಯಿತು.

"ನಿನಗ ಕಾಣದಿದ್ರ ಬಿಡು. ನಾ ನೋಡೀನಿ. ಕಳಸತೀಯೋ ಇಲ್ಲೋ?"

ನೋಡಿದವರ ಹೆಸರಿನ ಜಾಗದಲ್ಲಿ ಅವಳು 'ಉಮಾಬಾಯಿ' ಎಂದು ನನ್ನ ಹೆಸರು ಬರೆದು ಕಳಿಸಿದಳು. ಐದಕ್ಕೆ ಎರಡು ನಿಮಿಷವಿತ್ತು.

ಎರಡು ದಿನ ಉತ್ತರ ಬರಲಿಲ್ಲ. ಮಂಗಳವಾರ ಮಧ್ಯಾಹ್ನ ಶಾಲೆಯಿಂದ ಫೋನ್ ಮಾಡಿದಳು.

"ಇನ್ನೆರಡು ದೂರದರ್ಶಕದಾಗೂ ಅದು ಕಂಡೈತಂತ. ಹೊಳಪು ನೋಡಿ ನಲವತ್ತು ಮೀಟರ್ ಅಗಲ ಅಂತ ಅಂದಾಜು ಹಾಕ್ಯಾರ. ಚಂದ್ರನ ಆಚೆಯಿಂದ ಹೋಗತೈತಿ, ಹೆದರಿಕಿ ಇಲ್ಲ. ನಾಲ್ಕನೇ ಚುಕ್ಕಿ ಖರೇನ ಅಲ್ಲೇ ಇತ್ತವ್ವಾ."

ಅಡುಗೆಮನೆಯಲ್ಲೇ ಕೂತು ಅತ್ತೆ. ಆಮೇಲೆ ಅಲಮಾರಿಯಲ್ಲಿ ಮಡಚಿಟ್ಟಿದ್ದ ಕಣ್ಣಿನ ಪರೀಕ್ಷೆಯ ಕಾಗದ ತೆಗೆದು ಬುಟ್ಟಿಗೆ ಹಾಕಿದೆ.