ಗೆದ್ದವರ ಹಾಡು

ಚರ್ಚಿನ ಮೆಟ್ಟಿಲು ಇಳಿಯುವಾಗ ಶವಪೆಟ್ಟಿಗೆ ಮುಂದಕ್ಕೆ ವಾಲಿತು. ಅದರ ಮೇಲಿಟ್ಟಿದ್ದ ಅಕಾರ್ಡಿಯನ್ ಜಾರಿ, ತಿದಿ ಬಿಚ್ಚಿಕೊಂಡು, ದೊಡ್ಡದಾಗಿ ಒಮ್ಮೆ ನರಳಿತು. ಹೊತ್ತಿದ್ದ ಆರೂ ಜನ ನಿಂತುಬಿಟ್ಟರು.

"ಹಿಡೀರೋ, ಹಿಡೀರೋ! ಅದು ಬಿದ್ರೆ ಕ್ಲಾರಿ ಎದ್ದು ಬಂದು ಒದೀತಾನೆ," ಎಂದ ಮುಂದೆ ಹೆಗಲು ಕೊಟ್ಟಿದ್ದ ಮರ್ವ್ ಲಿಂಡ್ನರ್. ಅವನು ಊರಿನ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ, ಸತ್ತವನ ಬಾಲ್ಯದ ಗೆಳೆಯ.

ಹಿಂದೆ ಬರುತ್ತಿದ್ದ ಕ್ಲಾರಿಯ ಮಗಳು ರೇಲೀನ್‌ಗೆ ಅಳುವಿನ ನಡುವೆಯೇ ನಗು ಬಂತು. ಅಕಾರ್ಡಿಯನ್ನನ್ನು ತೆಗೆದುಕೊಂಡು, ಪಟ್ಟಿ ಬಿಗಿದು, ತಾನೇ ಎದೆಗೆ ಅವಚಿಕೊಂಡು ನಡೆದಳು.

ನಮ್ಮೂರು ಕರ್ರಾಬಿನ್ನಿನಲ್ಲಿ ಬೇಕರಿಯ ಕ್ಲಾರಿ ಟ್ರೆಗೆಂಜಾನ ಬ್ರೆಡ್ಡು ತಿನ್ನದೆ ದೊಡ್ಡವರಾದವರು ಯಾರೂ ಇಲ್ಲ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಸಣಕಲಾಗಿತ್ತು, ಹಾಗಾಗಿ ಒಂದು ದಿನವೂ ಚೆಂಡು ಒದ್ದವನಲ್ಲ. ಆದರೆ ಇಪ್ಪತ್ತೆರಡನೆಯ ವಯಸ್ಸಿಗೆ, ಹಿಟ್ಟು ಉಬ್ಬುವುದನ್ನು ಕಾಯುತ್ತ ಕೂತಿದ್ದಾಗ ಕ್ಲಬ್ಬಿಗೊಂದು ಹಾಡು ಕಟ್ಟಿದ. ಅಂದಿನಿಂದ ನಲವತ್ತೈದು ವರ್ಷ, ನಮ್ಮವರು ಗೆದ್ದ ಪ್ರತಿ ಶನಿವಾರ, ಡ್ರೆಸ್ಸಿಂಗ್ ರೂಮಿನಲ್ಲಿ ಮಗುಚಿದ ಬಿಯರ್ ಕ್ರೇಟಿನ ಮೇಲೆ ಕೂತು ಬಾರಿಸಿದ. ಕೆಸರು ಮೆತ್ತಿದ ಹುಡುಗರು ಹೆಗಲ ಮೇಲೆ ಕೈಹಾಕಿ ಸುತ್ತ ನಿಂತು ಗಂಟಲು ಹರಿಯುವಂತೆ ಹಾಡಿದರು.

ಗೆದ್ದರೆ ಮಾತ್ರ. ಈ ಕಟ್ಟಳೆ ಎಲ್ಲ ಕ್ಲಬ್ಬುಗಳಿಗೂ ಇದೆ, ಆದರೆ ಕ್ಲಾರಿಯಷ್ಟು ಬಿಗಿಯಾಗಿ ಪಾಲಿಸಿದವರಿಲ್ಲ. ಆಟ ಸಮವಾದರೆ ಹಾಡಿಲ್ಲ. ಹೊಸ ಪೆವಿಲಿಯನ್ ಉದ್ಘಾಟನೆಗೆ ಬಂದ ಮಂತ್ರಿ ಬಾಯಿಬಿಟ್ಟು ಕೇಳಿದಾಗಲೂ "ಇವತ್ತು ಗೆದ್ದೋರು ಯಾರು ಸ್ವಾಮಿ?" ಎಂದು ಪೆಟ್ಟಿಗೆ ಮುಚ್ಚಿದ್ದ. ಈಗ ಕ್ಲಬ್ಬಿಗೆ ಎರಡು ವರ್ಷದಿಂದ ಒಂದು ಗೆಲುವೂ ಇಲ್ಲ. ಹಾಡು ಮತ್ತೊಮ್ಮೆ ಕೇಳದೆಯೇ ಕ್ಲಾರಿ ಹೊರಟಿದ್ದ.

ಹೂಳುವ ಜಾಗದಲ್ಲಿ ರೇಲೀನ್ ಮರ್ವ್‌ನ ತೋಳು ಹಿಡಿದಳು. "ಮರ್ವ್, ಮಣ್ಣು ಹಾಕೋ ಮುಂಚೆ ಒಂದೇ ಒಂದ್ಸಲ ಹಾಡಿಬಿಡಿ. ಹುಡುಗರೆಲ್ಲ ಇಲ್ಲೇ ಇದಾರೆ."

ಮರ್ವ್ ಹ್ಯಾಟು ತೆಗೆದು ಕೈಯಲ್ಲಿ ತಿರುಗಿಸಿದ. "ಬೇರೆ ಏನಾದ್ರೂ ಕೇಳಮ್ಮಾ. ಮೈದಾನಕ್ಕೆ ಅವನ ಹೆಸರಿಡ್ತೀವಿ. ಇದೊಂದು ಬೇಡ."

"ಸತ್ತೋರಿಗೂ ಇಲ್ವಾ?"

"ನಿಮ್ಮಮ್ಮನಿಗೇ ಹಾಡ್ಲಿಲ್ಲ ಕಣಮ್ಮಾ ಅವನು."

*

ಅವಳಿಗೆ ಅದು ಮರೆತಿರಲಿಲ್ಲ. ತಾಯಿ ಎಡ್ನಾ ಮೂವತ್ತು ವರ್ಷ ತಂಡದ ಕೆಸರು ಅಂಗಿಗಳನ್ನು ಒಗೆದವಳು. ಅವಳು ಹೋದ ದಿನ ರೇಲೀನ್ ಅಪ್ಪನ ಮುಂದೆ ಅಕಾರ್ಡಿಯನ್ ತಂದಿಟ್ಟಿದ್ದಳು. ಅವನು ಮುಟ್ಟಲಿಲ್ಲ.

"ಸೋತ ವಾರಾನೂ ಒಗೆದಿದಾಳೆ ಕಣೇ ನಿಮ್ಮಮ್ಮ. ಆಗೆಲ್ಲ ಹಾಡು ಬೇಕು ಅಂದವಳಲ್ಲ. ಇವತ್ತು ಸುಮ್ನೆ ಬಾರಿಸಿದ್ರೆ, ಗೆದ್ದಾಗ ಅವಳು ಕೇಳಿದ ಹಾಡೆಲ್ಲ ಅಗ್ಗ ಆಗೋಗುತ್ತೆ."

ರೇಲೀನ್ ಎಂಟು ತಿಂಗಳು ಅವನನ್ನು ಮಾತಾಡಿಸಲಿಲ್ಲ. ಮುಂದಿನ ಚಳಿಗಾಲದ ಮೊದಲ ಗೆಲುವಿನ ದಿನ ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ನಿಂತು ನೋಡಿದಳು. ಅಪ್ಪ ಹಾಡನ್ನು ಎರಡು ಸಲ ಬಾರಿಸಿದ, ಎರಡನೆಯ ಸಲ ಕಣ್ಣು ಮುಚ್ಚಿ. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿದ್ದರೂ ಬೆರಳು ಒಂದು ಕಡೆಯೂ ತಪ್ಪಲಿಲ್ಲ. ಅವತ್ತು ಅವಳೇ ಹೋಗಿ ಮಾತಾಡಿಸಿದಳು.

*

"ಹಂಗಾದ್ರೆ ಇವತ್ತು ಗೆಲ್ಲಿ," ಎಂದಳು ರೇಲೀನ್.

ಮಧ್ಯಾಹ್ನ ಎರಡಕ್ಕೆ ಪಕ್ಕದೂರು ವಿಲ್ಗಾದ ಜೊತೆ ಪಂದ್ಯವಿತ್ತು. ಎರಡೂ ಊರಿಗೆ ಹಾವು ಮುಂಗುಸಿ ನಂಟು. ಸ್ಮಶಾನದಿಂದ ಜನ ಕಪ್ಪು ಟೈ ಕಟ್ಟಿಕೊಂಡೇ ಮೈದಾನಕ್ಕೆ ಬಂದರು. ಬೇಲಿಯ ಸುತ್ತ ಕಾರುಗಳು ಮೂತಿ ಒಳಮಾಡಿ ನಿಂತವು. ರೇಲೀನ್ ಪಕ್ಕದಲ್ಲಿ ವಿಲ್ಗಾದ ಹಳೆಯ ಆಟಗಾರ ಡೆಸ್ ಫಿಂಚ್ ಬಂದು ಕೂತ. ಬೆಳಿಗ್ಗೆ ಚರ್ಚಿನಲ್ಲೂ ಹಿಂದಿನ ಸಾಲಿನಲ್ಲಿ ಇದ್ದವನು.

"ನಿಮ್ಮ ಹುಡುಗರು ಓಡ್ತಿದಾರೋ, ಮೇಯ್ತಿದಾರೋ?" ಎಂದ.

"ಬಾಯಿ ಮುಚ್ಚಿ ಡೆಸ್. ಇಲ್ಲಾಂದ್ರೆ ಈ ಬಿಸಿ ಮಾಂಸದ ಪೈ ಒಳಗೆ ತುರುಕ್ತೀನಿ."

"ತುರುಕು. ಸಾಸು ಸ್ವಲ್ಪ ಜಾಸ್ತಿ ಇರ್ಲಿ."

ನಮ್ಮ ಹುಡುಗರು ಪ್ರಾಣ ಒತ್ತೆಯಿಟ್ಟು ಆಡಿದರು. ಎರಡು ವರ್ಷದಲ್ಲಿ ಅಂಥ ಆಟ ಕಂಡಿರಲಿಲ್ಲ. ಕೊನೆಯ ನಿಮಿಷದಲ್ಲಿ ಮೂರು ಅಂಕ ಮುಂದಿದ್ದರು. ರೇಲೀನ್ ಅಕಾರ್ಡಿಯನ್ನಿನ ಪಟ್ಟಿ ಹೆಗಲಿಗೆ ಏರಿಸಿಯೂ ಆಗಿತ್ತು. ಆಗ ವಿಲ್ಗಾದ ನಾಯಕ ಐವತ್ತು ಮೀಟರಿನಿಂದ ಒದ್ದ ಚೆಂಡು ಕಂಬಗಳ ನಟ್ಟನಡುವೆ ಹಾದುಹೋಯಿತು. ಗೋಲು, ಅಂದರೆ ಇಲ್ಲಿಯ ಫುಟ್‌ಬಾಲಿನಲ್ಲಿ ಆರು ಅಂಕ. ಅದರ ಹಿಂದೆಯೇ ಆಟ ಮುಗಿದ ಸೈರನ್ ಕೂಗಿತು. ವಿಲ್ಗಾದವರ ಕಾರುಗಳೆಲ್ಲ ಹಾರ್ನ್ ಹೊಡೆದವು.

"ಗಾಳಿ ಎದುರಿತ್ತು ಮರ್ವ್," ಎಂದ ನಮ್ಮವನೊಬ್ಬ, ಅಳುತ್ತ.

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ. ಸುಮ್ನಿರು. ಚೆನ್ನಾಗಿ ಆಡಿದ್ರಿ," ಎಂದು ಮರ್ವ್ ಅವನ ತಲೆ ಸವರಿದ. ರೇಲೀನ್ ಕಡೆ ನೋಡಲು ಅವನಿಗೆ ಮುಖವಿರಲಿಲ್ಲ.

ಆಟಗಾರರೆಲ್ಲ ಒಳಹೋದ ಮೇಲೆ ಅವಳು ಪಟ್ಟಿ ಇಳಿಸಿದಳು. ಅಕಾರ್ಡಿಯನ್ನನ್ನು ಪೆಟ್ಟಿಗೆಯೊಳಗೆ ಇಡುವಾಗ, ತಮ್ಮ ಹುಡುಗರ ಹತ್ತಿರ ಹೋಗಿದ್ದ ಡೆಸ್ ವಾಪಸ್ ಬಂದು ಅಡ್ಡ ನಿಂತ.

"ಯಾಕಮ್ಮಾ ಒಳಗಿಡ್ತೀಯ? ಹಾಡೋರು ಗೆದ್ದಿರಬೇಕು. ಅಷ್ಟೇ ಅಲ್ವಾ ನಿಮ್ಮಪ್ಪನ ಮಾತು?"

"ಹೂಂ."

"ನಾವು ಗೆದ್ದಿದೀವಲ್ಲ."

"ನಿಮ್ಮ ಹಾಡು ಬೇರೆ."

"ನಲವತ್ತೈದು ವರ್ಷದಲ್ಲಿ ಇಲ್ಲಿಗೆ ಬಂದು ಸೋತಾಗಲೆಲ್ಲ ಪಕ್ಕದ ರೂಮಲ್ಲಿ ಕೂತು, ಗೋಡೆಯಾಚೆಯಿಂದ ನಿಮ್ಮ ಹಾಡು ಕೇಳಿದೀನಿ. ನಿಮ್ಮೋರಿಗಿಂತ ಚೆನ್ನಾಗಿ ಬರುತ್ತೆ. ಹುಡುಗರಿಗೆ ಈಗಷ್ಟೇ ಹೇಳ್ಕೊಟ್ಟೆ."

"ಆದ್ರೆ ನಾನು ಸೋತ ಊರಿನವಳು. ನಾನು ಹೆಂಗೆ ಬಾರಿಸ್ಲಿ?"

"ಬಾರಿಸೋನು ಆಡಿ ಗೆಲ್ಬೇಕು ಅಂತ ಎಲ್ಲಿದೆ? ನಿಮ್ಮಪ್ಪ ಯಾವತ್ತು ಚೆಂಡು ಒದ್ದಿದ್ದ?"

ವಿಲ್ಗಾದವರ ಡ್ರೆಸ್ಸಿಂಗ್ ರೂಮಿಗೆ ರೇಲೀನ್ ಕಾಲಿಟ್ಟದ್ದು ಅದೇ ಮೊದಲು. ಕೆಸರು ಹುಡುಗರು ಹೆಗಲಿಗೆ ಹೆಗಲು ಕೊಟ್ಟು ಜಾಗ ಬಿಟ್ಟರು. ಅವಳ ಬೆರಳು ಶುರುವಿನಲ್ಲೇ ತಪ್ಪಿತು. ಡೆಸ್ ಕಾಯಲಿಲ್ಲ, ಎತ್ತಿಕೊಂಡ:

ಗಾಳಿಗೆ ಅಂಜೆವು, ಕೆಸರಿಗೆ ಅಂಜೆವು,
ಕರ್ರಾಬಿನ್ನಿನ ಮಕ್ಕಳು ನಾವು!

ಹೊರಗೆ ಕರ್ರಾಬಿನ್ನಿನವರು ಒಬ್ಬೊಬ್ಬರಾಗಿ ಬಂದು ನೆರೆದರು. ಸೋತ ಆಟಗಾರರು, ಸ್ಯಾಂಡ್‌ವಿಚ್ ಕೊಯ್ಯುತ್ತಿದ್ದ ಹೆಂಗಸರು, ಟೈ ಸಡಿಲಿಸಿದ ಮುದುಕರು ಕಿಟಕಿಯ ಕೆಳಗೆ ಎದೆಯೆತ್ತಿ ನಿಂತರು. ಎಲ್ಲರಿಗೂ ಹಾಡು ಕಂಠಪಾಠ, ಆದರೂ ಒಬ್ಬರ ತುಟಿಯೂ ಅಲುಗಲಿಲ್ಲ. ಮರ್ವ್‌ನ ಹೆಗಲ ಮೇಲೆ ಕೂತಿದ್ದ ನಾಲ್ಕು ವರ್ಷದ ಮೊಮ್ಮಗಳು ಮಾತ್ರ ಖುಷಿಯಿಂದ ದನಿ ಸೇರಿಸಲು ಹೊರಟಳು. ಮರ್ವ್ ಕೆನ್ನೆ ಒರೆಸಿಕೊಳ್ಳುತ್ತಿದ್ದ ಕೈಯನ್ನು ಮೇಲೆತ್ತಿ, ಮೆಲ್ಲಗೆ ಅವಳ ಬಾಯಿ ಮುಚ್ಚಿದ.