ತಿದ್ದುಪಡಿಯ ಅರ್ಜಿ

"ಆರ್‌ಸಿ ಬುಕ್ಕಲ್ಲಿ ಭಾರತ್ ಸ್ಟೇಜ್ ಒಂದು ಅಂತಿದೆಯಲ್ಲಮ್ಮಾ. ಹೊಗೆ ಕಾರೋ ಗಾಡಿ ಈಗ ಚೆನ್ನೈಯಲ್ಲಿ ಯಾರಿಗೆ ಬೇಕು?" ಎಂದು ಕಮಲಾಕರ ಲೊಚಗುಟ್ಟಿದ. ಅದು ಗುಮಾಸ್ತನ ಕೈತಪ್ಪು. ಗಾಡಿ ಕಡಿಮೆ ಹೊಗೆಯ ಸ್ಟೇಜ್ ಎರಡರದ್ದೇ ಎನ್ನುವ ಕಂಪನಿಯ ಸರ್ಟಿಫಿಕೇಟು ಅದೇ ಫೈಲಿನಲ್ಲಿತ್ತು. ಗಾಡಿ ದಲ್ಲಾಳಿಯಾಗಿ ಸಾರಿಗೆ ಕಚೇರಿಯಲ್ಲಿ ಮೂವತ್ತು ವರ್ಷ ಬೆಂಚು ಸವೆಸಿದವನು ಅದನ್ನು ಮೆಲ್ಲಗೆ ಮಗುಚಿ ಇಟ್ಟಿದ್ದ.

ಪೆರಂಬೂರಿನ ಹೋಟೆಲ್ ಬಾಬುವಿನ ವಿಧವೆ ಗುಣವತಿ ಗುಜರಿ ಬೆಲೆಗೇ ಅವನಿಗೆ ಕೊಡಲು ಒಪ್ಪಿ, ಮಾರಾಟದ ಕಾಗದಕ್ಕೆ ಸಹಿ ಹಾಕಿದಳು.

ಅವನು ಇನ್ನೊಂದು ಕಾಗದ ಮುಂದಿಟ್ಟ. "ಇದು ಎಂತದ್ದು?"

"ಸುಮ್ನೆ ಫಾರ್ಮಾಲಿಟಿ." ತಪ್ಪು ತಿದ್ದಿಸಿ ಗಾಡಿಯನ್ನು ಪೂರ್ತಿ ಬೆಲೆಗೆ ಮಾರಲು ಅವನಿಗೆ ಹಳೆಯ ಮಾಲೀಕರ ಅರ್ಜಿ ಬೇಕಿತ್ತು.

ಅದಕ್ಕೂ ಸಹಿ ಹಾಕುತ್ತಾ ಅವಳೆಂದಳು: "ಕಾಗದದಲ್ಲಿ ಏನೋ ತಪ್ಪುಂಟು, ಕಮಲಾಕರ ಸರಿ ಮಾಡಿಸಿ ಕೊಡ್ತಾರೆ ಅಂತ ಇವರು ಇದ್ದಾಗ ಹೇಳ್ತಾ ಇದ್ರು."

"ಮಾಡಿಸ್ತೀನಮ್ಮಾ," ಎಂದ ಕಮಲಾಕರ, ಅವಳ ಸಹಿಯ ಶಾಯಿ ಒಣಗಲೆಂದು ಉಫ್ ಎಂದು ಊದುತ್ತಾ.