ಅತ್ತೆ ಆರಿಸಿದ ಯೀಸ್ಟ್

ಆಪರೇಷನ್ ಸಲೀಸಾಗಿ ಮುಗಿಯಿತು, ಅಪ್ಪನ ಕಣ್ಣಿಗೆ ಇನ್ನೇನೂ ಭಯವಿಲ್ಲ ಎಂದು ಆಸ್ಪತ್ರೆಯಿಂದ ಗಂಡ ಫೋನ್ ಮಾಡಿದಾಗ ಸೊಸೆ ಅಡುಗೆಮನೆಯ ನೆಲದ ಮೇಲೆಯೇ ಕುಳಿತುಬಿಟ್ಟಳು. ಬೇರೆಯವರಾಗಿದ್ದರೆ ಒಂದು ಲೋಟ ಕಾಫಿ ಕುಡಿದು ಕಾಲು ಚಾಚುತ್ತಿದ್ದರು. ಇವಳಿಗೆ ಮನಸ್ಸು ಹಗುರಾದರೆ ಕೈ ತುರಿಸುತ್ತದೆ, ಏನನ್ನಾದರೂ ತೊಳೆಯಬೇಕು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ಇಕ್ಕಳ, ಸೂಜಿ, ಪುಟ್ಟ ಕನ್ನಡಿಗಳನ್ನು ತೊಳೆದು ಕುದಿಸುವುದೇ ಅವಳ ಕೆಲಸ.

ಎದ್ದು ಫ್ರಿಜ್ ಖಾಲಿ ಮಾಡಿದಳು. ಹಿಂದಿನ ಮೂಲೆಯಲ್ಲಿ ಒಂದು ಗಾಜಿನ ಜಾಡಿ ಸಿಕ್ಕಿತು. ತಳದಲ್ಲಿ ಎರಡು ಬೆರಳಿನಷ್ಟು ಬೂದುಬಣ್ಣದ ಗಷ್ಟು, ಮೇಲೆ ಕಂದು ನೀರು. ಯಾವ ಕಾಲದ್ದೋ ಏನೋ ಎಂದು ಮೂಗು ಮುರಿದು ಸಿಂಕಿಗೆ ಸುರಿದಳು, ಸೋಪು ಹಾಕಿ ಉಜ್ಜಿದಳು, ಜಾಡಿಯನ್ನು ಕುದಿಸಿ ಬೋರಲು ಹಾಕಿದಳು. ಕೊನೆಗೆ ಮುಚ್ಚಳ ತೊಳೆಯಲು ಕೈಗೆತ್ತಿಕೊಂಡಾಗ ಅದರ ಮೇಲೆ ಮಾವನ ಅಕ್ಷರ ಕಂಡಿತು: 'ಯೀಸ್ಟ್. ಚೆಲ್ಲಬೇಡಿ, ಜೀವ ಇದೆ.'

ಸಿಂಕಿನೊಳಗೆ ಬಗ್ಗಿ ನೋಡಿದಳು, ಅಲ್ಲಿ ಸೋಪಿನ ನೊರೆಯಷ್ಟೇ ಉಳಿದಿತ್ತು. ಮಾವನ ಕೋಣೆಯ ಪುಟ್ಟ ಫ್ರಿಜ್ ಕೆಟ್ಟಿದ್ದರಿಂದ, ಆಸ್ಪತ್ರೆಗೆ ಹೊರಡುವ ಮುನ್ನ ಜಾಡಿಯನ್ನು ಇಲ್ಲಿಗೆ ತಂದಿಟ್ಟಿದ್ದರು. ಆ ಗಡಿಬಿಡಿಯಲ್ಲಿ ಹೇಳುವುದನ್ನು ಮರೆತಿದ್ದರು.

ಮಾವ ನಿವೃತ್ತ ಬಸ್ ಮೆಕ್ಯಾನಿಕ್. ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿದ ಮೊದಲ ವರ್ಷ, ಒಂದೇ ಹಂಡೆಯಲ್ಲಿ ಕುದಿಸಿದ ಮೊಳಕೆ ಬಾರ್ಲಿಯ ಮಾಲ್ಟಿನ ನೀರನ್ನು ಮೂರು ಪಾಲು ಮಾಡಿ ಹುಳಿಸಲು ಏಲ್ ಎಂಬ ಬಿಯರಿನ ಮೂರು ತರದ ಯೀಸ್ಟ್ ಹಾಕಿದ್ದರು. ಯಾವುದನ್ನು ಉಳಿಸಿಕೊಳ್ಳುವುದೆಂದು ತಿಳಿಯದೆ ಅತ್ತೆಯ ಮುಂದೆ ಮೂರು ಲೋಟ ಇಟ್ಟರಂತೆ. ಅತ್ತೆ ಜನ್ಮದಲ್ಲಿ ಬಿಯರ್ ಕುಡಿದವರಲ್ಲ. ಮೂರನ್ನೂ ಮೂಸಿ, ಸೇಬಿನ ಸಿಪ್ಪೆಯಂಥ ವಾಸನೆಯಿದ್ದ ಮೂರನೆಯದರತ್ತ ಬೆರಳು ತೋರಿಸಿದರಂತೆ. ಅಂದಿನಿಂದ ಹನ್ನೆರಡು ವರ್ಷ, ಪ್ರತಿ ಸಲ ಹುಳಿಸುವ ಬಕೆಟ್ಟಿನ ತಳದ ಯೀಸ್ಟನ್ನು ಜಾಡಿಗೆ ತುಂಬಿಟ್ಟು, ಮುಂದಿನ ಸಲಕ್ಕೆ ಅದನ್ನೇ ಹಾಕುತ್ತಾ ಬಂದಿದ್ದರು. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. "ನಿಮ್ಮತ್ತೆ ಆರಿಸಿದ್ರಲ್ಲಿ ಇನ್ನೂ ಉಸಿರಾಡ್ತಿರೋದು ಎರಡೇ ಕಣಮ್ಮ, ನಾನು ಮತ್ತೆ ಇದು" ಎಂದು ಮಾವ ನಗುತ್ತಿದ್ದರು. ಎರಡರಲ್ಲಿ ಒಂದನ್ನು ಡಾಕ್ಟರು ಉಳಿಸಿದ ದಿನವೇ ಇನ್ನೊಂದನ್ನು ಸೊಸೆ ಸೋಪು ಹಾಕಿ ಕೊಂದಿದ್ದಳು.

ಮಾವ ಬರುವುದಕ್ಕೆ ಐದು ದಿನವಿತ್ತು. ಮರುದಿನ ಬೆಳಿಗ್ಗೆ ಕ್ಲಿನಿಕ್ಕಿಗೆ ರಜೆ ಹಾಕಿ, ಬಿಯರ್ ಸಾಮಾನಿನ ಅಂಗಡಿಗೆ ಓಡಿ, ಅಂಥದ್ದೇ ಯೀಸ್ಟ್ ಕೇಳಿದಳು.

"ಅದರ ಗುಣ ಹೇಳಿ" ಎಂದ ಅಂಗಡಿಯವನು.

"ಮೊದಲನೇ ದಿನ ಸುಮ್ನೆ ಕೂತಿರುತ್ತೆ. ಎರಡನೇ ದಿನ ಉಕ್ಕುತ್ತೆ. ಕೆಲಸ ಮುಗಿಯೋಕೆ ಮುಂಚೆನೇ ತಳ ಸೇರಿ ಮಲಗಿಬಿಡುತ್ತೆ, ಮಾವ ಬಕೆಟ್ ಅಲ್ಲಾಡಿಸಿ ಎಬ್ಬಿಸ್ತಾರೆ."

ಅಂಗಡಿಯವನು ಮೂರು ಪೊಟ್ಟಣ ಮುಂದಿಟ್ಟು ಗಂಡು ತೋರಿಸುವ ದಲ್ಲಾಳಿಯ ಗತ್ತಿನಲ್ಲಿ ವಿವರಿಸಿದ. "ಇದು ಚೊಕ್ಕ. ತನ್ನ ಕೆಲಸ ತಾನು ಮಾಡುತ್ತೆ, ಯಾವ ವಾಸನೆನೂ ಬಿಡಲ್ಲ. ಇದು ಹೊಟ್ಟೆಬಾಕ, ಸಿಹಿಯೆಲ್ಲ ನುಂಗಿ ಬಿಯರನ್ನ ಒಣಕಲು ಮಾಡುತ್ತೆ. ಈ ಮೂರನೇದು ಸ್ವಲ್ಪ ಸಿಹಿ ಉಳಿಸುತ್ತೆ, ಹಣ್ಣಿನ ಘಮ ಕೊಡುತ್ತೆ, ಬೇಗ ತಳ ಸೇರುತ್ತೆ. ನಿಮ್ಮದಕ್ಕೆ ಇದು ದಾಯಾದಿ ಅನ್ನಬಹುದು. ಆದ್ರೆ ಅದೇ ಅಲ್ಲ. ಹನ್ನೆರಡು ವರ್ಷ ಒಂದೇ ಮನೇಲಿ ಬೆಳೆದಿದ್ದು ಪೊಟ್ಟಣದಲ್ಲಿ ಎಲ್ಲಿ ಸಿಗುತ್ತೆ?"

ಅವಳ ಮುಖ ಬಾಡಿದ್ದನ್ನು ನೋಡಿ ಅವನೇ ಕೇಳಿದ, "ಹಳೇ ಬಾಟಲಿ ಒಂದಾದ್ರೂ ಉಳಿದಿದ್ಯಾ, ತೆಗೀದೆ ಇರೋದು? ಮನೇಲಿ ಮಾಡಿದ ಬಿಯರಿನ ತಳದಲ್ಲಿ ಕೂತಿರೋದು ಅದೇ ಯೀಸ್ಟು. ಎಬ್ಬಿಸಿದ್ರೆ ಏಳಬಹುದು."

ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಕುಡಿದು ಮುಗಿಸಿಯಾಗಿತ್ತು. ಉಳಿದಿದ್ದರೆ ನಾದಿನಿಯ ಹೊಲಿಗೆ ಅಂಗಡಿಯಲ್ಲಿ. ಅವಳು ಕುಡಿಯುವವಳಲ್ಲ, ಅಪ್ಪ ಪ್ರೀತಿಯಿಂದ ಕೊಟ್ಟ ಬಾಟಲಿಯನ್ನು ಅಳತೆಯ ಕಾಗದ ಹಾರದಂತೆ ಮೇಲೆ ಹೇರಿಟ್ಟಿದ್ದಳು. ಆದರೆ ನಾದಿನಿಯ ಕೈಯ ಕತ್ತರಿಗಿಂತ ನಾಲಿಗೆ ಹರಿತ. ಸೊಸೆ ದಾರಿಯಲ್ಲಿ ಮೂರು ಸುಳ್ಳು ಕಟ್ಟಿಕೊಂಡು ಹೋದಳು, ಬಾಗಿಲಲ್ಲಿ ಮೂರೂ ಮರೆತುಹೋಗಿ ನಿಜವೇ ಬಾಯಿಗೆ ಬಂತು.

"ಅಯ್ಯೋ ಅತ್ತಿಗೆ, ಜಾಡಿ ತೊಳೆದ್ರಾ!" ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪುಣ್ಯಕ್ಕೆ ಅಪ್ಪ ಆಸ್ಪತ್ರೇಲಿದಾರೆ. ಇಲ್ಲಾಂದ್ರೆ ಅವರನ್ನೂ ಕುದಿಸಿ ಬೋರಲು ಹಾಕ್ತಿದ್ರಿ." ನಗು ನಿಂತ ಮೇಲೆ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. "ಅಮ್ಮಂದು ಅದು. ಅಲ್ಲಾಡಿಸಬೇಡಿ, ನಿಧಾನಕ್ಕೆ ಹೋಗಿ."

ಮನೆಗೆ ಬಂದು ಎರಡು ಚಮಚ ಮಾಲ್ಟ್ ಪುಡಿಯನ್ನು ಒಂದು ಲೋಟ ನೀರಿನಲ್ಲಿ ಕುದಿಸಿ ಆರಿಸಿದಳು. ಬಾಟಲಿಯ ಬಾಯಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮೇಲಿನ ತಿಳಿಯನ್ನು ಬಗ್ಗಿಸಿ, ತಳದ ಒಂದು ಗುಟುಕು ರಾಡಿಯನ್ನು ಅದೇ ಜಾಡಿಗೆ ಇಳಿಸಿದಳು. ಕ್ಲಿನಿಕ್ಕಿನ ಕೈ, ಒಂದು ಹನಿಯೂ ಆಚೀಚೆ ಆಗಲಿಲ್ಲ. ಏಲ್ ಯೀಸ್ಟಿಗೆ ಚಳಿಯಾಗಬಾರದು, ಸೆಕೆಯೂ ಆಗಬಾರದು ಎಂದು ಮಾವ ಹೇಳುತ್ತಿದ್ದರಲ್ಲ, ಅದಕ್ಕೆ ಅವರದೇ ಸ್ವೆಟರ್ ಸುತ್ತಿ ಬೆಚ್ಚಗಿನ ಮೂಲೆಯಲ್ಲಿಟ್ಟು, ಹೋಗುತ್ತಾ ಬರುತ್ತಾ ಕುಲುಕಿದಳು.

ಒಂದು ದಿನ ಕಳೆಯಿತು. ಎರಡಾಯಿತು. ಜಾಡಿ ಪಿಟ್ಟೆನ್ನಲಿಲ್ಲ.

ಮೂರನೆಯ ದಿನ ಸಂಜೆ ನೋಡಲು ಬಂದ ನಾದಿನಿ, ಇರಲೆಂದು ಸೊಸೆ ಅಂಗಡಿಯಿಂದ ತಂದಿದ್ದ ಆ ದಾಯಾದಿ ಪೊಟ್ಟಣವನ್ನು ಎತ್ತಿಕೊಟ್ಟಳು. "ಸಾಕು ಅತ್ತಿಗೆ, ಇದನ್ನೇ ಹಾಕ್ಬಿಡಿ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು. ಅಪ್ಪನಿಗೆ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಬ್ಬು."

"ಮೂಗಿಗೆ ಪಟ್ಟಿ ಕಟ್ಟಿಲ್ವಲ್ಲ" ಎಂದಳು ಸೊಸೆ. ಆದರೂ ನಾದಿನಿ ಹೋದ ಮೇಲೆ ಕತ್ತರಿ ಹಿಡಿದು ಪೊಟ್ಟಣದ ಮೂಲೆಯವರೆಗೆ ಹೋದದ್ದು ನಿಜ. ಇದನ್ನು ಹಾಕಿದರೆ ಜಾಡಿಯಲ್ಲಿ ನೊರೆ ಬರುತ್ತದೆ, ತಾನು ಬೈಗುಳ ಕೇಳುವುದು ತಪ್ಪುತ್ತದೆ. ಹಾಕಿದ ಮೇಲೆ ಅತ್ತೆಯದು ಅಲ್ಲಿ ಉಳಿದಿದ್ದರೂ ಇನ್ನು ಬೇರ್ಪಡಿಸಲಾಗದು. ಕತ್ತರಿಯನ್ನು ಕೆಳಗಿಟ್ಟು, ಜಾಡಿಯನ್ನು ಮತ್ತೊಮ್ಮೆ ಕುಲುಕಿ ಎದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ಗಾಜಿನ ಅಂಚಿನುದ್ದಕ್ಕೂ ಬಿಳಿ ನೊರೆ ಕಟ್ಟಿತ್ತು. ಅವಳಿಗೆ ಹೋದ ಜೀವ ಬಂದಂತಾಯಿತು. ಒಬ್ಬಳೇ ಇದ್ದುದರಿಂದ ಜಾಡಿಗೆ ಮುತ್ತಿಕ್ಕಿದಳು, ಇಕ್ಕಿದ ಜಾಗವನ್ನು ಸ್ಪಿರಿಟ್ಟಿನಲ್ಲಿ ಒರೆಸಿದಳು. ಆಮೇಲೆ ಅನುಮಾನ ತಲೆಹಾಕಿತು. ನೊರೆ ಬಂದರೆ ಸಾಲದು, ಗಾಳಿಯಲ್ಲಿ ಬಂದ ಯಾವುದೋ ದಾರಿಹೋಕ ಯೀಸ್ಟೂ ನೊರೆ ಎಬ್ಬಿಸುತ್ತದೆ. ಮೂಸಿದಳು. ಸೇಬು ಎಂದರೆ ಸೇಬು, ಸ್ಪಿರಿಟ್ ಎಂದರೆ ಸ್ಪಿರಿಟ್. ಹನ್ನೊಂದು ವರ್ಷ ಕ್ಲಿನಿಕ್ಕಿನ ಔಷಧಿ ಕುಡಿದ ಅವಳ ಮೂಗಿನ ಸಾಕ್ಷಿ ಯಾವ ಕೋರ್ಟಿಗೂ ನಡೆಯುವಂಥದ್ದಲ್ಲ.

ಐದನೆಯ ದಿನ ಮಧ್ಯಾಹ್ನ ಗಂಡ ಮಾವನನ್ನು ಮನೆಗೆ ಬಿಟ್ಟು ಔಷಧಿ ತರಲು ಹೋದ. ಊಟವಾಗಲಿ, ಆಮೇಲೆ ಹೇಳೋಣ ಎಂದುಕೊಂಡಿದ್ದಳು. ಮಾವ ಚಪ್ಪಲಿ ಬಿಡುವಷ್ಟರಲ್ಲೇ ಎಲ್ಲವನ್ನೂ ಹೇಳಿ ಮುಗಿಸಿದ್ದಳು.

ಮಾವ ತಡಕಾಡಿ ಕುರ್ಚಿ ಹಿಡಿದು ಕುಳಿತರು.

"ಜಾಡಿ ಕುದಿಸಿದ್ಯಾ?"

"ಕುದಿಸ್ದೆ ಮಾವ."

"ಎಷ್ಟು ಹೊತ್ತು?"

"ಹದಿನೈದು ನಿಮಿಷ."

"ಹೂಂ. ಕೊಳೆ ಇದ್ರೆ ಬಿಯರ್ ಕೆಡುತ್ತೆ, ಎಲ್ಲಾ ಕುದಿಸು ಅಂತ ನಾನೇ ಅಲ್ವಾ ಕಲಿಸಿದ್ದು" ಎಂದು ಮಾವ ನಿಟ್ಟುಸಿರು ಬಿಟ್ಟರು. "ತಾ ಇಲ್ಲಿ."

ಅವಳು ಜಾಡಿಯನ್ನು ಅವರ ಅಂಗೈಗೆ ಕೊಟ್ಟಳು. ಮಾವ ಮೂಗು ಹತ್ತಿರ ತಂದು ಒಮ್ಮೆ ಎಳೆದರು. ಜಾಡಿಯನ್ನು ಕುಲುಕಿ ಮತ್ತೊಮ್ಮೆ ಎಳೆದರು. ಮೂರನೆಯ ಸಲ ಮೂಸಿದವರು ಮುಖ ಮೇಲೆತ್ತಲೇ ಇಲ್ಲ.

"ಇದೇ" ಎಂದರು ಮಾವ. "ಇದೇ ಕಣಮ್ಮ. ಅವಳು ತೋರಿಸಿದ್ದು ಇದನ್ನೇ."

ಐದು ದಿನ ಹಿಡಿದಿಟ್ಟದ್ದೆಲ್ಲ ಸೊಸೆಗೆ ಒಮ್ಮೆಲೇ ಒತ್ತರಿಸಿ ಬಂತು. ಜಾಡಿಯ ಮೇಲೆಯೇ ಬಾಗಿ ಬಿಕ್ಕಿದಳು.

"ಆ ಕಡೆ ತಿರುಗಿ ಅಳು ತಾಯಿ. ಅದಕ್ಕೆ ಉಪ್ಪು ಆಗಿಬರಲ್ಲ" ಎಂದರು ಮಾವ.

ಹಾಗೆಂದವರ ಪಟ್ಟಿಯಿಲ್ಲದ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. ಅವಳು ಜಾಡಿಯನ್ನು ಅವರ ಕೈಯಿಂದ ಬಿಡಿಸಿಕೊಂಡು, ಇಬ್ಬರ ಕಣ್ಣೀರೂ ಬೀಳದಷ್ಟು ದೂರ, ಮೇಜಿನ ಆ ತುದಿಯಲ್ಲಿಟ್ಟಳು.